ಹೊಸ್ತಿಲ ಬಳಿಯೇ ಉಚ್ಚೆ ಹೊಯ್ಯುವ ಮರಿ

ಪ್ರಶ್ನೆ (ರಾಯಚೂರು):
ಎರಡು ತಿಂಗಳ ನಾಯಿಮರಿ ತಂದು ಹದಿನೈದು ದಿನವಾಯಿತು. ಅಂಗಳದಲ್ಲಿ ಅರ್ಧ ಗಂಟೆ ಆಡಿಸಿ ಒಳಗೆ ಕರೆತಂದ ಕೂಡಲೇ ದೇವರ ಮನೆಯ ಹೊಸ್ತಿಲ ಬಳಿ, ಅದೇ ಶಹಾಬಾದ್ ಕಲ್ಲಿನ ಮೇಲೆ, ಉಚ್ಚೆ ಹೊಯ್ಯುತ್ತದೆ. ಅತ್ತೆಯವರು ಒರೆಸಿ ಒರೆಸಿ ಬೇಸತ್ತಿದ್ದಾರೆ. ಗದರಿದರೆ ಮಂಚದ ಕೆಳಗೆ ಸೇರಿ ನಡುಗುತ್ತದೆ, ನೋಡಲಾಗುವುದಿಲ್ಲ. ಏನು ಮಾಡಲಿ?

ಉತ್ತರ (ಸಿಂಧನೂರು):
ದಯವಿಟ್ಟು ಗದರಬೇಡಿ ಅಕ್ಕ. ಗದರಿದರೆ ನಿಮ್ಮ ಕಣ್ಣು ತಪ್ಪಿಸಿ ಮೂಲೆಯಲ್ಲಿ ಹೊಯ್ಯುವುದನ್ನು ಕಲಿಯುತ್ತದೆ, ಅಷ್ಟೇ. ಈ ವಯಸ್ಸಿಗೆ ಎರಡು ಗಂಟೆ ತಡೆದುಕೊಳ್ಳುವುದೇ ಹೆಚ್ಚು. ನಿದ್ದೆಯಿಂದ ಎದ್ದಾಗ, ಉಂಡ ಮೇಲೆ, ಆಡಿದ ಮೇಲೆ ಅಂಗಳದ ಒಂದೇ ಜಾಗಕ್ಕೆ ಎತ್ತಿಕೊಂಡು ಹೋಗಿ ಸುಮ್ಮನೆ ನಿಲ್ಲಿ. ಆಗ ಆಡಿಸಬೇಡಿ, ಆಟದ ಗುಂಗಿನಲ್ಲಿ ಬಂದ ಕೆಲಸ ಮರೆಯುತ್ತದೆ. ಹೊಯ್ದ ಕ್ಷಣವೇ ಒಂದು ಚೂರು ಜೋಳದ ರೊಟ್ಟಿ ಕೊಡಿ. ನಮ್ಮ ಮರಿಗೆ ಬೇವಿನ ಬುಡ ರೂಢಿಯಾಗಲು ಮೂರು ವಾರ ಹಿಡಿಯಿತು. ಲಸಿಕೆ ಮುಗಿಯುವವರೆಗೆ ಬೀದಿಗೆ ಬಿಡಬೇಡಿ, ಪಾರ್ವೊ ಕೆಟ್ಟ ರೋಗ.

ಉತ್ತರ (ಗಂಗಾವತಿ):
ಆ ಕಲ್ಲಿನ ಸಂದಿನಲ್ಲಿ ವಾಸನೆ ಉಳಿದಿರುತ್ತದೆ, ಅದಕ್ಕೇ ಅಲ್ಲಿಗೇ ಬರುತ್ತದೆ. ಅದು ಸುಣ್ಣದ ಕಲ್ಲು. ನಿಂಬೆರಸ, ವಿನೆಗರ್ ಹಾಕಿದರೆ ಹೊಳಪು ಹೋಗುತ್ತದೆ. ಫಿನಾಯಿಲ್ ಬೇಡವೇ ಬೇಡ, ಮರಿ ಪಾದ ನೆಕ್ಕುತ್ತದೆ. ಸಾಕುಪ್ರಾಣಿ ಅಂಗಡಿಯಲ್ಲಿ ಕಿಣ್ವದ ದ್ರಾವಣ ಸಿಗುತ್ತದೆ, ಅದರಿಂದ ತೊಳೆಯಿರಿ.

ಪ್ರಶ್ನೆ ಕೇಳಿದವರು:
ಇಂದು ಬೆಳಗಿನ ಐದೂವರೆಗೆ ನುಗ್ಗೆ ಗಿಡದ ಕೆಳಗೆ ಹೊಯ್ದಿತು. ರೊಟ್ಟಿಯ ಚೂರು ಕೊಟ್ಟವರು ಅತ್ತೆಯವರೇ!