ಸಣ್ಣ ಗೆರೆ ಎಳೆಯುವಾಗ ಕೈ ನಡುಗುತ್ತದೆ, ಏನು ಮಾಡಲಿ?

ಪ್ರಶ್ನೆ (ವಿದ್ಯಾರ್ಥಿನಿ, ಕಲಬುರಗಿ): ಶರಣು ಸರ್. ಸುರಪುರ ಶೈಲಿಯ ಮಿನಿಯೇಚರ್ (ಸೂಕ್ಷ್ಮ ಗೆರೆಗಳ ಕಿರುಚಿತ್ರ) ಚಿತ್ರ ಕಲಿಯುತ್ತಿದ್ದೇನೆ. ಬಣ್ಣ ತುಂಬುವವರೆಗೆ ತೊಂದರೆಯಿಲ್ಲ. ಮೂಗುತಿ, ಕಿರೀಟದ ಮಣಿ, ಕಣ್ಣಿನ ರೆಪ್ಪೆಗೆ ಬಂದ ಕೂಡಲೇ ಕೈ ನಡುಗುತ್ತದೆ. ಮೂರು ಸೊನ್ನೆಯ (000 ನಂಬರಿನ, ತೀರಾ ಸಣ್ಣ) ಕುಂಚವನ್ನು ಬಿಗಿಯಾಗಿ ಹಿಡಿದು, ಉಸಿರು ಕಟ್ಟಿ ಎಳೆದರೂ ಗೆರೆ ಗರಗಸದ ಹಲ್ಲಿನಂತೆ ಬರುತ್ತದೆ. ನನ್ನ ಕೈ ಈ ಕೆಲಸಕ್ಕೆ ಒಗ್ಗುವುದೇ ಇಲ್ಲವೇ?

ಉತ್ತರ (ಚಿತ್ರಕಲಾ ಶಿಕ್ಷಕ, ಸುರಪುರ): ತಂಗಿ, ಕೈಯನ್ನು ಬೈಯಬೇಡ. ಆರೋಗ್ಯವಂತರ ಬೆರಳೂ ಸೆಕೆಂಡಿಗೆ ಸುಮಾರು 8ರಿಂದ 12 ಬಾರಿ, ಕಣ್ಣಿಗೆ ಕಾಣದಷ್ಟು ಅದುರುತ್ತಲೇ ಇರುತ್ತದೆ. ಬಿಗಿ ಹಿಡಿದಷ್ಟೂ ಅದು ಹೆಚ್ಚುತ್ತದೆ.

ನನ್ನ ಅನುಮಾನ ನಿನ್ನ ಬಣ್ಣದ ಮೇಲೆ. ಬಣ್ಣ ಗಟ್ಟಿಯಾಗಿದ್ದರೆ ಕುಂಚದಿಂದ ಇಳಿಯುವುದಿಲ್ಲ. ಇಳಿಯಲಿ ಎಂದು ನೀನು ಕೈ ನಿಧಾನ ಮಾಡುತ್ತೀಯ. ನಿಧಾನವಾದ ಗೆರೆಯಲ್ಲಿ ಒಂದೊಂದು ಅದುರೂ ಎದ್ದು ಕಾಣುತ್ತದೆ. ನಮ್ಮ ಕಡೆ ಬೇಸಿಗೆಯಲ್ಲಿ 40 ಡಿಗ್ರಿ ದಾಟಿದ ಮಧ್ಯಾಹ್ನ ಫ್ಯಾನಿನ ಕೆಳಗೆ ಕುಳಿತರೆ, ತಟ್ಟೆಯಲ್ಲಿನ ಬಣ್ಣ ನೋಡುನೋಡುತ್ತಲೇ ಗಟ್ಟಿಯಾಗುತ್ತದೆ. ಮೂರು ಸೊನ್ನೆಯ ಕುಂಚದ ತುದಿಯಂತೂ ಹಾಳೆಗೆ ತಾಗುವ ಮೊದಲೇ ಒಣಗಿರುತ್ತದೆ. ಅದನ್ನು ಎತ್ತಿಡು. ಒಂದು ಅಥವಾ ಎರಡನೇ ನಂಬರಿನ, ಒದ್ದೆಯಾದಾಗ ಚೂಪಾಗಿ ಮೊನೆಗೂಡುವ ಕುಂಚ ಕೊಂಡುಕೊ. ಅದರ ಹೊಟ್ಟೆಯಲ್ಲಿ ಬಣ್ಣ ನಿಲ್ಲುತ್ತದೆ, ಗೆರೆ ಎಳೆಯುವುದು ತುದಿಯ ನಾಲ್ಕು ಕೂದಲು ಮಾತ್ರ. ಬಣ್ಣಕ್ಕೆ ಹನಿ ಹನಿಯಾಗಿ ನೀರು ಬೆರೆಸು, ಕುಂಚವನ್ನು ಬಟ್ಟೆಯ ಮೇಲೆ ಹೊರಳಿಸಿ ಹೆಚ್ಚಿನದನ್ನು ತೆಗೆ, ಆಮೇಲೆ ಎಡಗೈ ಹೆಬ್ಬೆರಳಿನ ಉಗುರಿನ ಮೇಲೆ ಒಂದು ಗೆರೆ ಎಳೆದು ನೋಡು. ಹರಡಿದರೆ ನೀರು ಹೆಚ್ಚಾಗಿದೆ, ಕಡಿದು ಕಡಿದು ಬಂದರೆ ಸಾಲದು.

ಮೊಣಕೈ ಮೇಜಿನ ಮೇಲಿರಲಿ, ಕಿರುಬೆರಳನ್ನು ಹಾಳೆಗೆ ಊರು. ಬೆವರು ತಾಗದಂತೆ ಕೆಳಗೊಂದು ಕಾಗದದ ತುಂಡು ಇಟ್ಟುಕೊ. ಬೀದರಿನಲ್ಲಿ ಬಿದರಿ ಕೆಲಸದವರನ್ನು ನೋಡಿದ್ದೀಯಾ? ಮೈಲುತುತ್ತದಿಂದ ಕಪ್ಪಾಗಿಸಿದ ಹೂಜಿಯ ಮೇಲೆ ಉಕ್ಕಿನ ಮೊನೆಯಿಂದ ಬಳ್ಳಿ ಗೀರುವಾಗ ಹೂಜಿಯನ್ನೇ ಕೈಗೆ ತಕ್ಕಂತೆ ತಿರುಗಿಸಿಕೊಳ್ಳುತ್ತಾರೆ. ನೀನೂ ಹಾಳೆಯನ್ನು ತಿರುಗಿಸು. ತನ್ನ ಕಡೆಗೆ ಎಳೆದ ಗೆರೆ ನಿಲ್ಲುತ್ತದೆ, ದೂಡಿದ ಗೆರೆ ವಾಲುತ್ತದೆ. ಉಸಿರು ಕಟ್ಟುವ ಉಪದೇಶವನ್ನು ಯಾರು ಕೊಟ್ಟರೋ ಕಾಣೆ. ಮೆಲ್ಲಗೆ ಬಿಡುತ್ತಾ ಎಳೆ. ಖಾಲಿ ಹೊಟ್ಟೆಗೆ ಚಹಾ ಕುಡಿದು ಕಣ್ಣು ಬರೆಯಲು ಕೂರಬೇಡ.

ಮರುಪ್ರಶ್ನೆ (ಅದೇ ವಿದ್ಯಾರ್ಥಿನಿ): ಕೆಳಗಿನ ಬಣ್ಣ ಹಸಿಯಾಗಿದ್ದರೆ ಬೆರಳು ಊರುವುದು ಎಲ್ಲಿ ಸರ್?

ಉತ್ತರ: ಚಿತ್ರದ ಎರಡೂ ಬದಿಗೆ ಎರಡು ದಪ್ಪ ಪುಸ್ತಕ ಇಟ್ಟು, ಮೇಲೆ ಮರದ ಅಡಿಪಟ್ಟಿ ಹಾಕಿ ಕೈ ಇಡು. ಫ್ಲೆಕ್ಸ್ ಬರುವ ಮೊದಲು ಅಂಗಡಿ ಬೋರ್ಡ್ ಬರೆಯುತ್ತಿದ್ದವರು ತುದಿಗೆ ಬಟ್ಟೆ ಸುತ್ತಿದ ಕೋಲನ್ನು ಬೋರ್ಡಿಗೆ ಆನಿಸಿ, ಅದರ ಮೇಲೆ ಮಣಿಕಟ್ಟು ಇಡುತ್ತಿದ್ದರು. ಅವರ ಅಕ್ಷರ ನೋಡಿದವರು ಇಂದಿನ ಬ್ಯಾನರ್ ನೋಡಿ ಮೂಗು ಮುರಿದರೆ ತಪ್ಪೇನಿಲ್ಲ.

ಪ್ರಶ್ನೆ (ಇನ್ನೊಬ್ಬ ಸದಸ್ಯ, ಯಾದಗಿರಿ): ನನಗೆ ಅಸ್ತಮಾ ಇದೆ. ಪಂಪ್ ಎಳೆದುಕೊಂಡ ಮೇಲೆ ಕೈ ಅದುರುತ್ತದೆ. ಸಂಬಂಧವಿದೆಯೇ?

ಉತ್ತರ: ಇದೆ. ಸಾಲ್ಬುಟಮಾಲ್ ಪಂಪಿಗೆ ಅದು ಗೊತ್ತಿರುವ ಅಡ್ಡಪರಿಣಾಮ, ಸ್ವಲ್ಪ ಹೊತ್ತಿನಲ್ಲಿ ಇಳಿಯುತ್ತದೆ. ಅಷ್ಟು ಹೊತ್ತು ಚಿತ್ರದ ಆಕಾಶಕ್ಕೋ ಗೋಡೆಗೋ ಬಣ್ಣ ತುಂಬಿ. ಚಿತ್ರಕ್ಕಾಗಿ ಪಂಪ್ ಮಾತ್ರ ಬಿಡಬೇಡಿ.

ಪ್ರಶ್ನೆ (ನಿವೃತ್ತ ಶಿಕ್ಷಕರು, ಬೀದರ್): ಕುಂಚ ಹಿಡಿದಾಗಷ್ಟೇ ಅಲ್ಲ, ಬಸಿಯಲ್ಲಿ ಚಹಾ ಎತ್ತಿದರೂ ಚೆಲ್ಲುತ್ತದೆ. ಇತ್ತೀಚೆಗೆ ಸಹಿಯೂ ಬದಲಾಗಿದೆ.

ಉತ್ತರ: ಕಾಕಾ, ಇದು ಕುಂಚದ ವಿಷಯವಲ್ಲ, ನನ್ನ ವಿದ್ಯೆಗೆ ಮೀರಿದ್ದು. ಥೈರಾಯ್ಡ್ ಹೆಚ್ಚಾದರೂ ಹೀಗಾಗುತ್ತದೆ, ನರದ ತೊಂದರೆಯಿಂದಲೂ ಆಗುತ್ತದೆ. ಮೊದಲು ವೈದ್ಯರಿಗೆ ತೋರಿಸಿ. ಹೋಗುವಾಗ ಹಳೆಯ ಸಹಿ, ಈಗಿನ ಸಹಿ ಇರುವ ಕಾಗದಗಳನ್ನೂ, ತೆಗೆದುಕೊಳ್ಳುತ್ತಿರುವ ಮಾತ್ರೆಗಳ ಚೀಟಿಯನ್ನೂ ಜೊತೆಗೆ ಒಯ್ಯಿರಿ.