ಜೀನೋಮ್ ಕಳುಹಿಸುವ ಪ್ರಸಂಗ

“ಮನುಷ್ಯನ ಜೀನೋಮ್, ಅಂದರೆ ಅವನ ಇಡೀ ಡಿಎನ್‌ಎ, ನಾಲ್ಕೇ ನಾಲ್ಕು ಅಕ್ಷರಗಳ ಬರಹ ತಾನೆ, ಅದನ್ನು ಕಳುಹಿಸಲು ಇಷ್ಟೊಂದು ರಂಪವೇಕೆ?” ಎಂದು ರಾಯರು ಮಾತು ತೆಗೆದರು.

ಆ ಅಕ್ಷರಗಳನ್ನು ಓದುವ ಸೀಕ್ವೆನ್ಸಿಂಗ್ ಪ್ರಯೋಗಾಲಯದಲ್ಲಿ ದಿನವಿಡೀ ಫೈಲುಗಳೊಡನೆ ಗುದ್ದಾಡುವ ಸುಬ್ಬಣ್ಣನಿಗೆ ಇಷ್ಟು ಸಾಕಾಯಿತು. “ಅಕ್ಷರಗಳು ನಾಲ್ಕೇ, ರಾಯರೇ, ಆದರೆ ಅವು ಸುಮಾರು 300 ಕೋಟಿ ಸ್ಥಾನಗಳಲ್ಲಿ ಕುಳಿತಿವೆ. ಯಂತ್ರವು ಪ್ರತಿ ಸ್ಥಾನವನ್ನೂ ಸರಾಸರಿ 30 ಸಲ ಓದಿ, ಓದಿದ ಪ್ರತಿ ಅಕ್ಷರಕ್ಕೂ ತನಗೆ ಎಷ್ಟು ಭರವಸೆಯಿದೆ ಎಂಬ ಅಂಕವನ್ನು ಬರೆದಿಡುವುದರಿಂದ, ಇವೆಲ್ಲ ಇರುವ ಒಬ್ಬರ ಫಾಸ್ಟ್‌ಕ್ಯೂ ಎಂಬ ಫೈಲುಗಳು ಕುಗ್ಗಿಸಿದ ಮೇಲೂ 100 ಗಿಗಾಬೈಟ್‌ನ ಆಸುಪಾಸಿಗೆ ಹೋಗಬಹುದು.”

“ಹಾಗಾದರೆ ಇನ್ನೊಮ್ಮೆ ಜಿಪ್ ಮಾಡಿ.”

“ಕುಗ್ಗಿಸಿದ್ದನ್ನೇ ಮತ್ತೆ ಕುಗ್ಗಿಸಿದರೆ ಕುಗ್ಗುವುದು ನಮ್ಮ ಆಯುಸ್ಸು ಮಾತ್ರ” ಎಂದ ಸುಬ್ಬಣ್ಣ.

ರಾಯರು ಕಾಗದದ ಮೇಲೆ ಲೆಕ್ಕ ಹಾಕಿ, ಸೆಕೆಂಡಿಗೆ 100 ಮೆಗಾಬಿಟ್‌ನ ಸಂಪರ್ಕವಿದ್ದರೆ ಎರಡೂಕಾಲು ಗಂಟೆಯೊಳಗೆ ಕೆಲಸ ಮುಗಿಯುತ್ತದೆಂದು ಘೋಷಿಸಿದರು. ಲೆಕ್ಕ ಸರಿಯಾಗಿಯೇ ಇತ್ತು. ಇಂಟರ್ನೆಟ್ಟಿಗೆ ಅದು ಗೊತ್ತಿರಲಿಲ್ಲ, ಅಷ್ಟೆ. ಅಲ್ಲಿ ಫೈಲು ಸಾಗಿಸುವ ನಿಯಮಾವಳಿಯಾದ ಟಿಸಿಪಿ ಬಹಳ ಮರ್ಯಾದಸ್ಥ ಪ್ರೋಟೋಕಾಲು: ಒಂದಿಷ್ಟು ಕಳುಹಿಸಿ, ತಲುಪಿತೆಂಬ ಉತ್ತರ ಬರುವ ತನಕ ಕೈಕಟ್ಟಿ ನಿಲ್ಲುತ್ತದೆ. ಒಂದು ಸಲಕ್ಕೆ 64 ಕಿಲೋಬೈಟ್ ಎಂಬ ಹಳೆಯ ಮಿತಿಯಲ್ಲಿ, ಹೋಗಿಬರಲು 200 ಮಿಲಿಸೆಕೆಂಡ್ ಹಿಡಿಯುವ ದೂರಕ್ಕೆ, ತಂತಿ ಎಷ್ಟೇ ದಪ್ಪವಿದ್ದರೂ ಸೆಕೆಂಡಿಗೆ ಸಾಗುವುದು ಸುಮಾರು 2.6 ಮೆಗಾಬಿಟ್. ಆದ್ದರಿಂದಲೇ ಆ ಮಿತಿಯನ್ನು ಹಿಗ್ಗಿಸುತ್ತಾರೆ, ಗ್ರಿಡ್‌ಎಫ್‌ಟಿಪಿ ಎಂಬ ವ್ಯವಸ್ಥೆಯಂತೆ ಹಲವು ಧಾರೆಗಳಲ್ಲಿ ಒಟ್ಟಿಗೆ ಹರಿಸುತ್ತಾರೆ, ಇಲ್ಲವೇ ಆಸ್ಪೆರಾ ಎಂಬ ತಂತ್ರಾಂಶದಂತೆ, ಉತ್ತರಕ್ಕೆ ಕಾಯದ ಯುಡಿಪಿ ಎಂಬ ಪ್ರೋಟೋಕಾಲಿನ ಮೇಲೆ ಸ್ವಂತ ಶಿಸ್ತನ್ನು ಕಟ್ಟಿಕೊಳ್ಳುತ್ತಾರೆ.

ಇಷ್ಟು ಹೊತ್ತು ಸುಮ್ಮನಿದ್ದ ವಕೀಲರು ಸುರಕ್ಷತೆಯ ಮಾತೆತ್ತಿದರು. “ಹೆಸರು ಅಳಿಸಿ ಕಳುಹಿಸಿದರಾಯಿತು” ಎಂದು ರಾಯರು ಅದನ್ನೂ ಇತ್ಯರ್ಥ ಮಾಡಿದರು. ವಕೀಲರು ಬಿಡಲಿಲ್ಲ: ಹೆಸರಿಲ್ಲದ ಜೀನೋಮುಗಳಲ್ಲಿ ತಂದೆಯಿಂದ ಮಗನಿಗೆ ಬರುವ ವೈ ಕ್ರೋಮೋಸೋಮನ್ನು ಸಾರ್ವಜನಿಕ ವಂಶಾವಳಿ ಜಾಲತಾಣಗಳೊಡನೆ ಹೋಲಿಸಿ, ಕೆಲವರ ಮನೆತನದ ಹೆಸರನ್ನೂ ಗುರುತನ್ನೂ ಪತ್ತೆಹಚ್ಚಬಹುದೆಂದು 2013ರಲ್ಲಿ ಸಂಶೋಧಕರು ತೋರಿಸಿಕೊಟ್ಟಿದ್ದಾರೆ. “ಪಾಸ್‌ವರ್ಡ್ ಸೋರಿದರೆ ಬದಲಾಯಿಸಬಹುದು, ಜೀನೋಮ್ ಸೋರಿದರೆ ನೀವು ಯಾರಾಗಿ ಬದಲಾಗುತ್ತೀರಿ, ರಾಯರೇ? ನಿಮ್ಮ ಜೊತೆಗೆ ನಿಮ್ಮ ಅಣ್ಣತಮ್ಮಂದಿರ ಗುಟ್ಟೂ ಹೋಗುತ್ತದೆ.”

ಅಣ್ಣತಮ್ಮಂದಿರ ಗುಟ್ಟು ಹೋಗುವುದರ ಬಗ್ಗೆ ರಾಯರಿಗೆ ಅಂಥ ಆಕ್ಷೇಪಣೆಯೇನೂ ಇದ್ದಂತೆ ಕಾಣಲಿಲ್ಲ.

ಸುಬ್ಬಣ್ಣನ ಮುಖ ಅರಳಿದ್ದು ಕ್ರಿಪ್ಟ್‌ಫೋರ್‌ಜಿಎಚ್ ಎಂಬ ಮಾದರಿಯನ್ನು ವಿವರಿಸುವಾಗ. ಅದು ಫೈಲನ್ನು 64 ಕಿಲೋಬೈಟ್‌ಗಳ ತುಂಡುಗಳಾಗಿಸಿ ಪ್ರತಿಯೊಂದನ್ನೂ ಪ್ರತ್ಯೇಕವಾಗಿ ಗೂಢಲಿಪೀಕರಿಸುವುದರಿಂದ, ಬೇಕಾದ ಜೀನಿನ ಭಾಗವನ್ನಷ್ಟೇ ತೆರೆದು ಓದಬಹುದು. ತುಂಡುಗಳ ಕೀಲಿಯು ಸ್ವೀಕರಿಸುವವರ ಸಾರ್ವಜನಿಕ ಕೀಲಿಯಿಂದ (ಅದು ಮುಚ್ಚಿದ್ದನ್ನು ಅವರ ಖಾಸಗಿ ಕೀಲಿ ಮಾತ್ರ ತೆರೆಯಬಲ್ಲದು) ಮುಚ್ಚಲ್ಪಟ್ಟು ಫೈಲಿನ ತಲೆಬರಹದಲ್ಲಿ ಕೂರುವುದರಿಂದ, ಇನ್ನೊಬ್ಬರಿಗೆ ಕೊಡಬೇಕಾದರೆ ಆ ಪುಟ್ಟ ತಲೆಬರಹವನ್ನು ಹೊಸದಾಗಿ ಬರೆದರೆ ಸಾಕು. ತಲುಪಿದ್ದು ಕಳುಹಿಸಿದ್ದೇ ಎಂಬುದಕ್ಕೆ ಫೈಲಿನಿಂದಲೇ ಲೆಕ್ಕಹಾಕಿ ತೆಗೆದ ಬೆರಳಚ್ಚಿನಂಥ ಎಸ್‌ಎಚ್‌ಎ-256 ಚೆಕ್‌ಸಮ್ ಇದ್ದೇ ಇದೆ.

“ಇಷ್ಟೆಲ್ಲ ಮಾಡಿದ ಮೇಲೆ ಭಯವಿಲ್ಲ” ಎಂದೆ ನಾನು.

“ಏಕಿಲ್ಲ?” ಎಂದ ಸುಬ್ಬಣ್ಣ. “ಫೈಲಿಗೆ ಬಲವಾದ ಪಾಸ್‌ವರ್ಡ್ ಹಾಕಿ, ಅದೇ ಪಾಸ್‌ವರ್ಡನ್ನು ಕೊಂಡಿಯ ಕೆಳಗೇ ಬರೆದು ಒಂದೇ ಇಮೇಲಿನಲ್ಲಿ ಕಳುಹಿಸುವವರಿದ್ದಾರೆ. ಆ ಕಡೆಯವರು ತೆರೆದ ಪ್ರತಿಯನ್ನು ‘ಟೆಂಪ್’ ಎಂಬ ಫೋಲ್ಡರಿನಲ್ಲಿ ಶಾಶ್ವತವಾಗಿ ಇಟ್ಟುಕೊಳ್ಳುತ್ತಾರೆ.”

ರಾಯರು ಕಾಗದವನ್ನು ಮಡಚಿದರು. “ಹಾಗಿದ್ದರೆ ಕಳುಹಿಸುವುದೇ ಬೇಡ. ಬೇಕಾದವರು ಇಲ್ಲಿಗೇ ಬಂದು ನೋಡಿಕೊಂಡು ಹೋಗಲಿ.”

ಸುಬ್ಬಣ್ಣ ಕಕ್ಕಾಬಿಕ್ಕಿಯಾದ. ಸುಮಾರು 5 ಲಕ್ಷ ಜನರ ಜೀನೋಮುಗಳನ್ನು ಬ್ರಿಟನ್ನಿನ ಆರೋಗ್ಯ ಸಂಶೋಧನಾ ಮಾಹಿತಿ ಭಂಡಾರವಾದ ಯುಕೆ ಬಯೋಬ್ಯಾಂಕ್ ಒದಗಿಸುತ್ತಿರುವುದು ಹೀಗೆಯೇ: ಫೈಲು ಇದ್ದಲ್ಲೇ ಇರುತ್ತದೆ, ಅನುಮತಿ ಪಡೆದ ಸಂಶೋಧಕರು ತಮ್ಮ ಪ್ರೋಗ್ರಾಮನ್ನು ಕ್ಲೌಡಿಗೆ ತಂದು ಓಡಿಸುತ್ತಾರೆ.

“ರಾಯರೇ,” ಎಂದರು ವಕೀಲರು, “ನಿಮ್ಮ ಸೋಮಾರಿತನಕ್ಕೆ ಇಷ್ಟೊಂದು ದೂರದೃಷ್ಟಿ ಇದೆಯೆಂದು ಯಾರೂ ಹೇಳಿರಲಿಲ್ಲ.”