ಟ್ಯಾಂಕಲ್ಲಿ ಇನ್ನೂ ಒಂದಡಿ ನೀರಿದೆ, ಆದ್ರೂ ಪಂಪು ಗಾಳಿ ಎಳೀತಿದೆ, ಯಾಕೆ?

ಪ್ರಶ್ನೆ: ಸರ್ ನಮಸ್ಕಾರ, ನಾವಿರೋದು ಬನಶಂಕರಿ ಕಡೆ, 48 ಫ್ಲ್ಯಾಟಿನ ಅಪಾರ್ಟ್‌ಮೆಂಟು. ಮೆಟ್ಟಿಲ ರೂಮಿನ ಮೇಲೆ ಆರ್‌ಸಿಸಿ ಟ್ಯಾಂಕಿದೆ, 3 ಮೀಟರ್ ಉದ್ದ 2 ಮೀಟರ್ ಅಗಲ, ತಳದಲ್ಲೇ 4 ಇಂಚಿನ ಔಟ್‌ಲೆಟ್, ಅದರ ಕೆಳಗೆ ಎರಡು ಪ್ರೆಶರ್ ಪಂಪು. ಬೆಳಗ್ಗೆ ಎರಡೂ ಓಡಿದ್ರೆ ನಿಮಿಷಕ್ಕೆ 600 ಲೀಟರ್ ಅಂತ ಪ್ಲೇಟ್ ಮೇಲಿದೆ. ಟ್ಯಾಂಕಲ್ಲಿ ಒಂದಡಿ ಚಿಲ್ರೆ ನೀರು ಇದ್ದಾಗಲೇ ಗೊರ ಗೊರ ಅಂತ ಸದ್ದು ಶುರುವಾಗುತ್ತೆ, ಪಂಪಲ್ಲಿ ಜಲ್ಲಿಕಲ್ಲು ಹಾಕಿ ಅಲ್ಲಾಡಿಸಿದ ಹಾಗೆ, ಮೇಲಿನ ಮನೆಗಳ ನಲ್ಲಿಲಿ ನೀರು ಉಗುಳಿ ಉಗುಳಿ ಬರುತ್ತೆ. ಪ್ಲಂಬರ್ ಬಂದು ನೋಡಿ ಪಂಪು ಸಾಲಲ್ಲ, ದೊಡ್ಡದು ಹಾಕ್ಸಿ ಅಂದ್ರು. ಹಾಕ್ಸೋದಾ?

ಉತ್ತರ: ದಯವಿಟ್ಟು ಹಾಕಿಸ್ಬೇಡಿ, ಇನ್ನೂ ಜಾಸ್ತಿ ಆಗುತ್ತೆ. ಟ್ಯಾಂಕ್ ತುಂಬಿದಾಗ ಸದ್ದಿಲ್ಲ, ನೀರು ಇಳಿದಾಗ ಮಾತ್ರ ಇದೆ ಅಂದ್ರೆ ಪಂಪಿಂದು ತಪ್ಪಲ್ಲ, ಔಟ್‌ಲೆಟ್ ಮೇಲೆ ಸುಳಿ ಬೀಳ್ತಿದೆ. ಪೈಪಿನ ಜಾಯಿಂಟಿಂದ ಗಾಳಿ ಬರ್ತಿರಬಹುದಾ ಅಂತ ಕೇಳ್ತೀರ, ಆದ್ರೆ ನಿಮ್ಮ ಟ್ಯಾಂಕು ಪಂಪಿಗಿಂತ ಮೇಲಿದೆ, ಜಾಯಿಂಟ್ ಲೂಸಿದ್ರೆ ಸಾಮಾನ್ಯವಾಗಿ ನೀರು ಹೊರಗೆ ತೊಟ್ಟಿಕ್ಕುತ್ತೆ, ಗಾಳಿ ಒಳಗೆ ಬರಲ್ಲ.

ನಾಳೆ ಬೆಳಗ್ಗೆ ನೀರು ಒಂದೂವರೆ ಅಡಿಗೆ ಇಳಿದಾಗ ಮ್ಯಾನ್‌ಹೋಲ್ ಮುಚ್ಚಳ ತೆಗೆದು ಟಾರ್ಚ್ ಬಿಟ್ಟು ನೋಡಿ, ಒಳಗೆ ಇಳೀಬೇಡಿ, ಮೇಲಿಂದಲೇ. ಮೊದಲು ನಾಣ್ಯದಷ್ಟು ಗುಳಿ ಕಾಣುತ್ತೆ, ನೀರು ಇಳಿದ ಹಾಗೆ ಆ ಗುಳಿಗೆ ಬಾಲ ಬರುತ್ತೆ, ದಾರದಷ್ಟು ತೆಳ್ಳಗೆ ಬಳುಕ್ತಾ ಕೆಳಗಿಳಿಯುತ್ತೆ, ಅದು ಪೈಪಿನ ಬಾಯಿ ಮುಟ್ಟಿದ ಕ್ಷಣವೇ ನಿಮಗೆ ಗೊರ ಗೊರ ಕೇಳೋದು. ಆ ದಾರ ಪೂರ್ತಿ ಗಾಳಿ. ನಾನು ರಾಜಾಜಿನಗರದ ಒಂದು ಬಿಲ್ಡಿಂಗಲ್ಲಿ ಇದನ್ನ ಕಮಿಟಿಯವರಿಗೇ ಬಗ್ಗಿ ನೋಡೋಕೆ ಹೇಳಿದೆ, ನೋಡಿದ ಮೇಲೆ ಯಾರೂ ಪಂಪಿನ ಮಾತೇ ಎತ್ತಲಿಲ್ಲ.

ಲೆಕ್ಕ ಹೇಳ್ತೀನಿ. ಬಾಯಿ ಮೇಲೆ ಕನಿಷ್ಠ ಎಷ್ಟು ನೀರು ನಿಂತಿರಬೇಕು ಅನ್ನೋದಕ್ಕೆ ಅಮೆರಿಕದ ಪಂಪು ತಯಾರಕರ ಸಂಘವಾದ ಹೈಡ್ರಾಲಿಕ್ ಇನ್‌ಸ್ಟಿಟ್ಯೂಟ್‌ನವರ ಸೂತ್ರ ಇದೆ: ಬಾಯಿ ಅಗಲ × (1 + 2.3 × ಫ್ರೌಡ್ ಸಂಖ್ಯೆ). ನೀರಿನ ವೇಗವನ್ನ, ಗುರುತ್ವದ 9.81 ಮತ್ತು ಮೀಟರಲ್ಲಿ ಬಾಯಿ ಅಗಲ ಗುಣಿಸಿ ಬಂದಿದ್ದರ ವರ್ಗಮೂಲದಿಂದ ಭಾಗಿಸಿದ್ರೆ ಫ್ರೌಡ್ ಸಂಖ್ಯೆ ಸಿಗುತ್ತೆ, ಬಾಯಿ ಅಗಲಕ್ಕೆ ಹೋಲಿಸಿದ್ರೆ ನೀರು ಎಷ್ಟು ಜೋರಾಗಿ ಹೋಗ್ತಿದೆ ಅನ್ನೋದರ ಅಳತೆ ಅದು. ನಿಮ್ಮದು ಸೆಕೆಂಡಿಗೆ 10 ಲೀಟರ್, 100 ಮಿಲಿಮೀಟರ್ ಬಾಯಿ, ವೇಗ ಸೆಕೆಂಡಿಗೆ 1.27 ಮೀಟರ್, ಎಲ್ಲಾ ಹಾಕಿದ್ರೆ ಸುಮಾರು 40 ಸೆಂಟಿಮೀಟರ್. ಅಂದ್ರೆ ಒಂದಡಿ ನಾಲ್ಕಿಂಚು, ನೀವು ಹೇಳಿದ ಲೆವೆಲ್ಲೇ! ಪ್ಲಂಬರ್ ಮಾತು ಕೇಳಿ ಸೆಕೆಂಡಿಗೆ 15 ಲೀಟರ್ ಎಳೆಯೋ ಪಂಪು ಹಾಕಿದ್ರೆ ಅದೇ 54 ಸೆಂಟಿಮೀಟರ್ ಬೇಕಾಗುತ್ತೆ. ಈಗಲೇ ನಿಮ್ಮ ಟ್ಯಾಂಕಲ್ಲಿ 2,400 ಲೀಟರ್ ಉಪಯೋಗಕ್ಕೆ ಬರದೆ ಕೂತಿದೆ, ಟ್ಯಾಂಕರಿಗೆ ದುಡ್ಡು ಕೊಟ್ಟು ತರಿಸೋ ನೀರು ಅದು, ನನಗೆ ಸಂಕಟ ಆಗೋದು ಅದಕ್ಕೇ.

ಪ್ರಶ್ನೆ: ಹಂಗಾದ್ರೆ ಬಾಯಿ ಅಗಲ ಮಾಡಿದ್ರೆ ಆಯ್ತಲ್ವಾ ಸರ್, ಬೆಲ್‌ಮೌತ್ ಅಂತಾರಲ್ಲ?

ಉತ್ತರ: ಸ್ವಲ್ಪ ಮಟ್ಟಿಗೆ. 6 ಇಂಚು ಮಾಡಿದ್ರೆ 40 ಸೆಂಟಿಮೀಟರ್ ಇದ್ದಿದ್ದು 31ಕ್ಕೆ ಇಳಿಯುತ್ತೆ, 8 ಇಂಚು ಮಾಡಿದ್ರೆ 30 ಅಷ್ಟೇ, ಅಲ್ಲಿಂದ ಮುಂದೆ ದುಡ್ಡು ದಂಡ. ಅದಕ್ಕಿಂತ ಬಾಯಿ ಮೇಲೆ ಪ್ಲೇಟ್ ಕೂರಿಸೋದು ವಾಸಿ. ಬಾಯಿಯ ಎರಡರಷ್ಟು ಅಗಲ, ಅಂದ್ರೆ ನಿಮಗೆ 8 ಇಂಚಿನ ಸ್ಟೇನ್‌ಲೆಸ್ ಸ್ಟೀಲ್ ತಟ್ಟೆ, ಬಾಯಿಂದ 2 ಇಂಚು ಮೇಲೆ. ಆಗ ಮೇಲಿನ ನೀರು ನೇರ ಕೆಳಗೆ ಬೀಳೋಕಾಗಲ್ಲ, ಸುತ್ತಲಿಂದ ಅಡ್ಡಡ್ಡ ಬರಬೇಕು, ತಟ್ಟೆ ಅಂಚಲ್ಲಿ ದಾರಿ ಪೈಪಿಗಿಂತ ನಾಲ್ಕು ಪಟ್ಟು ದೊಡ್ಡದು, ಹಾಗಾಗಿ ವೇಗ ಕಾಲು ಭಾಗಕ್ಕೆ ಇಳಿಯುತ್ತೆ. ತಟ್ಟೆ ಕೆಳಗೆ ಪ್ಲಸ್ ಆಕಾರದಲ್ಲಿ ಎರಡು ಪಟ್ಟಿ ವೆಲ್ಡ್ ಮಾಡಿಸಿ, ತಿರುಗೋದನ್ನೂ ಅದು ತಡೆಯುತ್ತೆ, ತಟ್ಟೆಗೆ ಕಾಲೂ ಆಗುತ್ತೆ. ಒಂದು ಮಾತ್ರ ಮರೀಬೇಡಿ, ಟ್ಯಾಂಕ್ ತಳಕ್ಕೆ ಡ್ರಿಲ್ ಹೊಡೆಯೋಕೆ ಬಿಡ್ಬೇಡಿ, ವಾಟರ್‌ಪ್ರೂಫಿಂಗ್ ಹಾಳಾಗಿ ಆಮೇಲೆ ಮೆಟ್ಟಿಲ ರೂಮು ಸೋರುತ್ತೆ. ಪೈಪೊಳಗೆ ಇಳಿಯೋ ರಿಂಗಿಗೆ ವೆಲ್ಡ್ ಮಾಡಿಸಿ ಕೂರಿಸಿ. ಮೈಲ್ಡ್ ಸ್ಟೀಲ್ ಬೇಡ, ತುಕ್ಕು ಕುಡಿಯೋ ನೀರಿಗೇ ಬರೋದು.

ಪ್ರಶ್ನೆ: ನಾನು ಬೇರೆ ಬಿಲ್ಡಿಂಗಿನವನು, ಮಧ್ಯೆ ಕೇಳ್ತಿದೀನಿ. ಸುಳಿ ಬೀಳೋದು ಭೂಮಿ ತಿರುಗೋದ್ರಿಂದ ಅಲ್ವಾ, ಅದನ್ನ ತಡೆಯೋಕಾಗುತ್ತಾ?

ಉತ್ತರ: ಇಷ್ಟು ಚಿಕ್ಕ ಟ್ಯಾಂಕಲ್ಲಿ ಅಲ್ಲ. 1962ರಲ್ಲಿ ಅಮೆರಿಕದ ಎಂಐಟಿಯಲ್ಲಿ ಶಪಿರೋ ಅನ್ನೋರು 6 ಅಡಿ ಅಗಲದ ತೊಟ್ಟಿಲಿ ಅದನ್ನ ತೋರಿಸಿದ್ರು, ಆದ್ರೆ ಅದಕ್ಕೆ ನೀರನ್ನ 24 ಗಂಟೆ ಅಲ್ಲಾಡದ ಹಾಗೆ ಬಿಡ್ಬೇಕಾಯ್ತು. ನಮ್ಮ ಟ್ಯಾಂಕಲ್ಲಿ ನೀರು ತಿರುಗಿಸೋದು ಇನ್‌ಲೆಟ್ ಪೈಪು. ಸಂಪಿಂದ ಬರೋ ನೀರು ಮೂಲೆಲಿ ಗೋಡೆ ಉದ್ದಕ್ಕೂ ಬಿದ್ರೆ ಇಡೀ ಟ್ಯಾಂಕು ನಿಧಾನಕ್ಕೆ ತಿರುಗೋಕೆ ಶುರುವಾಗುತ್ತೆ, ಬಾಯಿ ಹತ್ರ ಬಂದಾಗ ಅದೇ ಜೋರಾಗುತ್ತೆ. ಒಂದು ಒಣ ಎಲೆ ಬಿಟ್ಟು ನೋಡಿ, ಗೊತ್ತಾಗುತ್ತೆ. ಇನ್‌ಲೆಟ್‌ಗೆ ಎಲ್ಬೋ ಹಾಕಿ ಎದುರಿನ ಗೋಡೆಗೆ ನೇರ ಹೊಡೆಯೋ ಹಾಗೆ ತಿರುಗಿಸಿ, ಇದು ಎಲ್ಲಕ್ಕಿಂತ ಅಗ್ಗ, ಮೊದಲು ಮಾಡ್ಬೇಕಾದ್ದೂ ಇದೇ.

ಪ್ರಶ್ನೆ (ಬನಶಂಕರಿಯವರೇ): ಪ್ಲೇಟ್ ಹಾಕೋಕೆ ನಮ್ಮ ವಾಚ್‌ಮನ್ನನ್ನೇ ಟ್ಯಾಂಕಿಗೆ ಇಳಿಸಬಹುದಾ?

ಉತ್ತರ: ಒಬ್ಬರನ್ನೇ ಯಾವತ್ತೂ ಇಳಿಸ್ಬೇಡಿ, ಕೈ ಮುಗಿದು ಕೇಳ್ಕೊಳ್ತೀನಿ. ಮುಚ್ಚಿಟ್ಟ ಟ್ಯಾಂಕು, ಸಂಪು ಎರಡರಲ್ಲೂ ಉಸಿರಾಡೋ ಗಾಳಿ ಕಮ್ಮಿ ಇರಬಹುದು, ವಾಸನೆಯಿಂದ ಗೊತ್ತಾಗಲ್ಲ, ಇಳಿದೋನು ಬಿದ್ದ ಅಂತ ಎತ್ತೋಕೆ ಹೋದೋನೂ ಬೀಳ್ತಾನೆ. ಗೊತ್ತಿರೋ ಕೆಲಸದವರನ್ನೇ ಕರೆಸಿ, ಹಿಂದಿನ ದಿನವೇ ಎಲ್ಲಾ ಮುಚ್ಚಳ ತೆಗೆದಿಡಿ, ಬ್ಲೋವರ್ ಹಾಕಿ, ಆಕ್ಸಿಜನ್ ಮೀಟರ್ ಬಿಟ್ಟು ನೋಡಿ, ಸೊಂಟಕ್ಕೆ ಹಗ್ಗ, ಮೇಲೆ ಇಬ್ಬರು. ವೆಲ್ಡಿಂಗ್ ಎಲ್ಲಾ ಹೊರಗೇ ಮುಗಿಸ್ಕೊಂಡು ಹೋಗ್ಲಿ.

ಪ್ರಶ್ನೆ: ಸರ್ ಹೋದ ಭಾನುವಾರ ಮುಗೀತು, ಇನ್‌ಲೆಟ್‌ಗೆ ಎಲ್ಬೋ, ಬಾಯಿಗೆ ತಟ್ಟೆ. ಈಗ 8 ಇಂಚಿನವರೆಗೂ ಸದ್ದೇ ಇಲ್ಲ! ನೀರು ಇಳಿದಾಗ ಪಂಪು ನಿಲ್ಲಿಸೋ ಫ್ಲೋಟ್ ಸ್ವಿಚ್ಚನ್ನ 8ಕ್ಕೇ ಇಡ್ಲಾ?

ಉತ್ತರ: ಕೇಳಿ ತುಂಬಾ ಖುಷಿಯಾಯ್ತು. ಆದ್ರೆ 10 ಇಂಚಿಗೆ ಇಡಿ. ಒಂದೇ ಕಡೆಯಿಂದ ನೀರು ಜೋರಾಗಿ ಬರ್ತಿರೋ ದಿನ ಸುಳಿ ಬೇಗ ಬೀಳುತ್ತೆ, ಮತ್ತೆ ತಳದಲ್ಲಿ ಬೋರ್‌ವೆಲ್ ನೀರಿನ ಕೆಸರು ಕೂತಿರುತ್ತಲ್ಲ, ತೀರಾ ಕೆಳಗೆ ಎಳೆದ್ರೆ ಅದೂ ನಲ್ಲಿಗೆ ಬರುತ್ತೆ. ಆರು ತಿಂಗಳಿಗೊಮ್ಮೆ ಟ್ಯಾಂಕ್ ತೊಳೆಸುವಾಗ ತಟ್ಟೆ ಕೆಳಗೂ ಬ್ರಶ್ ಹಾಕೋಕೆ ಹೇಳಿ.